ತೋಟದ ಕಸವೂ ಉತ್ಸರ್ಗ ಸಮಿತಿಯೂ: ಶ್ರಾವಕಾಚಾರದ ಓದಿನ ಒಂದು ವಿಮರ್ಶೆ

ಶ್ರಾವಕಾಚಾರವನ್ನು ಕುರಿತ ಉಪನ್ಯಾಸಗಳಲ್ಲಿ ಬಹುಮಟ್ಟಿಗೆ ಒಂದು ರೂಢಿ ಕಂಡುಬರುತ್ತದೆ. ಅಷ್ಟಮೂಲಗುಣ, ರಾತ್ರಿಭೋಜನತ್ಯಾಗ, ಗಾಳಿಸಿದ ನೀರು, ಕಂದಮೂಲತ್ಯಾಗ ಈ ವಿಷಯಗಳಲ್ಲಿ ವಿವರಣೆ ಅತ್ಯಂತ ಸೂಕ್ಷ್ಮವಾಗಿರುತ್ತದೆ. ಯಾವ ಬಟ್ಟೆಯಿಂದ ನೀರು ಸೋಸಬೇಕು, ಸೋಸಿದ ನೀರು ಎಷ್ಟು ಹೊತ್ತು ಬಳಕೆಗೆ ಯೋಗ್ಯ ಎಂಬುದನ್ನೆಲ್ಲ ಕೇಳುಗರಿಗೆ ತಿಳಿಹೇಳಲಾಗುತ್ತದೆ. ಮನೆಯೊಳಗೆ ಬರುವ ವಸ್ತುವಿನ ವಿಚಾರ ಮುಗಿದು, ಮನೆಯಿಂದ ಹೊರಹೋಗುವ ವಸ್ತುವಿನ ವಿಚಾರ ಬಂದೊಡನೆ ಮಾತು ನಿಂತುಹೋಗುತ್ತದೆ. ಅಹಿಂಸೆಯು ಅಡುಗೆಮನೆಯ ಹೊಸ್ತಿಲಲ್ಲಿ ಮುಗಿಯುವ ವ್ರತವೆಂಬಂತೆ ಗ್ರಂಥಗಳನ್ನು ಓದುವ ಈ ಕ್ರಮ ಸರಿಯೇ ಎಂಬುದು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವ ಪ್ರಶ್ನೆ.

ಪ್ರಶ್ನೆಯನ್ನು ಒರೆಗೆ ಹಚ್ಚಲು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗಿಂತ ಉತ್ತಮವಾದ ಸ್ಥಳ ದೊರೆಯಲಾರದು. ಉಂಡೆ ಕೊಬ್ಬರಿಗೆ ಹೆಸರಾದ ಈ ನಾಡನ್ನು ಜನರು ಕಲ್ಪತರು ನಾಡೆಂದು ಕರೆಯುತ್ತಾರೆ. ಜೈನರ ಕಿವಿಗೆ ಈ ಹೆಸರು ಬೇರೊಂದು ನೆನಪನ್ನೂ ತರುತ್ತದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನು ಕೊಡುತ್ತಿದ್ದವು. ಅವು ಕ್ಷೀಣಿಸಿದಾಗ ಆದಿನಾಥ ಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ಭೋಗಭೂಮಿಯ ವರ್ಣನೆಯಲ್ಲಿ ಕಸದ ಮಾತಿಲ್ಲ. ಕರ್ಮಭೂಮಿಯಲ್ಲಿ ಕೊಡುವ ಮರವೆಲ್ಲ ಉದುರಿಸುವ ಮರವೂ ಆಗಿದೆ. ಉದುರಿದ್ದನ್ನು ಏನು ಮಾಡಬೇಕೆಂಬ ವಿವೇಕವೂ ಷಟ್ಕರ್ಮದ ಒಳಗೇ ಸೇರಿದೆ.

ತೆಂಗಿನ ಮರವೊಂದು ಹೆಚ್ಚುಕಡಿಮೆ ತಿಂಗಳಿಗೊಂದು ಗರಿಯನ್ನು ಬಿಡುತ್ತದೆ; ವರ್ಷಕ್ಕೆ 12ರಿಂದ 14. ಹಿತ್ತಲಿನಲ್ಲಿ 5 ಮರವಿರುವ ಪೇಟೆಯ ಮನೆಗೆ ವರ್ಷಕ್ಕೆ 60 ಗರಿಯಾದರೂ ಬೀಳುತ್ತವೆ. 100 ಮರದ ತೋಟದಲ್ಲಿ 1,200ಕ್ಕೆ ಕಡಿಮೆಯಿಲ್ಲ. ಇದರ ಜೊತೆಗೆ ಹೊಂಬಾಳೆಯ ಸಿಪ್ಪೆ, ಎಡೆಮಟ್ಟೆ, ಉದುರಿದ ಹರಳು ಸೇರುತ್ತವೆ. ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಇರಿಸಿದ ಕಾಯನ್ನು ಸುಲಿದಾಗ ಬರುವ ಮಟ್ಟೆ ಬೇರೆ, ಒಡೆದಾಗ ಬರುವ ಚಿಪ್ಪು ಬೇರೆ. ಇವುಗಳಲ್ಲಿ ಚಿಪ್ಪನ್ನು ತೂಕ ಹಾಕಿಸಿ ಮಾರುತ್ತಾರೆ. ಮಟ್ಟೆಯನ್ನು ನಾರಿನ ಘಟಕದವರು ಒಯ್ಯುತ್ತಾರೆ, ಇಲ್ಲವೇ ಹಂಡೆಯ ಒಲೆಗೆ ಹಾಕುತ್ತಾರೆ. ಕೊಳ್ಳುವವರಿಲ್ಲದ ಗರಿಯೂ ತರಗೂ ಹಿತ್ತಲಿನ ಮೂಲೆ ಸೇರುತ್ತವೆ. ಒಂದು ದಿನ ಅದಕ್ಕೆ ಬೆಂಕಿ ಬೀಳುತ್ತದೆ.

ಬೆಂಕಿ ಹಚ್ಚುವ ಹೊತ್ತನ್ನು ಗಮನಿಸಬೇಕು. ಸಾಮಾನ್ಯವಾಗಿ ಅದು ಗಾಳಿ ಇಳಿದ ಮುಸ್ಸಂಜೆ. ದೀಪಕ್ಕೆ ಬಂದು ಬೀಳುವ ಕ್ಷುದ್ರ ಜೀವಿಗಳ ಘಾತವಾಗಬಾರದೆಂದು ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿದ ಮನೆಯ ಹಿತ್ತಲಿನಲ್ಲಿಯೇ, ಕತ್ತಲಾದ ಮೇಲೆ ಆಳೆತ್ತರದ ಜ್ವಾಲೆ ಏಳುತ್ತದೆ. ದೀಪದ ಕುಡಿಯನ್ನು ಕುರಿತ ಎಚ್ಚರಿಕೆ ರಾಶಿಯ ಬೆಂಕಿಯನ್ನು ಕುರಿತು ಇಲ್ಲದಿರುವುದಕ್ಕೆ ಕಾರಣ ದುಷ್ಟತನವಲ್ಲ. ಮೊದಲನೆಯದು ಧರ್ಮದ ವಿಷಯವೆಂದೂ ಎರಡನೆಯದು ಜಾಡಮಾಲಿಯ ವಿಷಯವೆಂದೂ ಮನಸ್ಸು ವಿಂಗಡಿಸಿಕೊಂಡಿದೆ. ಈ ವಿಂಗಡಣೆಗೆ ಗ್ರಂಥಗಳಲ್ಲಿ ಆಧಾರವಿದೆಯೇ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು 150 ಶ್ಲೋಕಗಳ ಕಿರು ಗ್ರಂಥ. ಅದರಲ್ಲಿ ಗುಣವ್ರತಗಳ ಪ್ರಕರಣದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಕೊನೆಯದಾದ ಪ್ರಮಾದಚರ್ಯೆಯ ಲಕ್ಷಣವನ್ನು ಆಚಾರ್ಯರು ಹೇಳುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕುರಿತ ಆರಂಭವನ್ನೂ, ವ್ಯರ್ಥವಾದ ಸಸ್ಯಚ್ಛೇದನವನ್ನೂ, ಸುಮ್ಮನೆ ಅಲೆಯುವುದನ್ನೂ ಅಲೆಸುವುದನ್ನೂ ಎಣಿಸುತ್ತಾರೆ. ಬೆಂಕಿಯ ಹೆಸರು ಇಲ್ಲಿ ಸ್ಪಷ್ಟವಾಗಿದೆ. ಉಪನ್ಯಾಸಗಳಲ್ಲಿ ಈ ಶ್ಲೋಕಕ್ಕೆ ಕೊಡುವ ಉದಾಹರಣೆಗಳು ಮಾತ್ರ ಹೂ ಕೀಳುವುದು, ನಲ್ಲಿ ಬಿಟ್ಟು ಮರೆಯುವುದು ಇಂಥವೇ. ಹಿತ್ತಲಿನ ಬೆಂಕಿ ಉದಾಹರಣೆಯಾಗಿ ಬರುವುದಿಲ್ಲ. ಅದನ್ನು ಎತ್ತಿದರೆ ಎದುರಿಗೆ ಕುಳಿತ ಅನೇಕರ ಹಿತ್ತಲು ನೆನಪಾಗುತ್ತದೆ.

ಇದಕ್ಕೆ ಎದುರಾಗಿ ಹೇಳುವ ವಾದವೊಂದುಂಟು. ಅದು ತಳ್ಳಿಹಾಕುವಂತಹದಲ್ಲ. ಮರದಿಂದ ಬಿದ್ದು ಒಣಗಿದ ಗರಿಯು ಅಚಿತ್ತ; ಅದರಲ್ಲಿ ವನಸ್ಪತಿಕಾಯ ಜೀವವಿಲ್ಲ; ಅಚಿತ್ತವನ್ನು ಸುಟ್ಟರೆ ಹಿಂಸೆಯೆಲ್ಲಿ? ಗರಿಯ ಮಟ್ಟಿಗೆ ಈ ಮಾತು ನಿಜ. ಆದರೆ ರಾಶಿಯ ಲೆಕ್ಕವನ್ನು ಗರಿಯೊಂದಕ್ಕೇ ಮುಗಿಸಲಾಗದು. ಬೆಂಕಿಯೇ ತೇಜಸ್ಕಾಯವೆಂದು ಆಗಮ ಹೇಳುತ್ತದೆ. ಇನ್ನು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳ ಏರುಕ್ರಮಕ್ಕೆ ಕೊಟ್ಟಿರುವ ನಿದರ್ಶನಗಳು ಕ್ರಿಮಿ, ಇರುವೆ, ದುಂಬಿ, ಮನುಷ್ಯ. ತಿಂಗಳೊಪ್ಪತ್ತು ಬಿದ್ದಿರುವ ಗರಿಯ ರಾಶಿಯನ್ನು ಒಂದು ಕೋಲಿನಿಂದ ಮಗುಚಿದರೆ ಈ ಪಟ್ಟಿಯ ಮೊದಲ ಮೂರೂ ಅಲ್ಲಿ ಕಣ್ಣಿಗೆ ಬೀಳುತ್ತವೆ: ತಳದಲ್ಲಿ ಎರೆಹುಳು, ನಡುವೆ ಗೆದ್ದಲು ಇರುವೆ, ಮೇಲೆ ದುಂಬಿ. ಹಲ್ಲಿಯೋ ಓತಿಯೋ ಇದ್ದರೆ ಪಂಚೇಂದ್ರಿಯವೂ ಆಯಿತು. ಹೀಗಿರುವಾಗ ಗರಿಯು ಅಚಿತ್ತವೆಂಬ ಮಾತು, ಮನೆ ಇಟ್ಟಿಗೆಯದೆಂದು ಹೇಳಿ ಒಳಗಿರುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಆಗುತ್ತದೆ.

ಎರಡನೆಯ ವಾದ: ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯ, ಅವನು ಸಂಕಲ್ಪೀ ಹಿಂಸೆಯನ್ನು ಬಿಟ್ಟರೆ ಸಾಕು. ಇದೂ ಶಾಸ್ತ್ರಸಮ್ಮತವಾದ ಮಾತೇ. ಆದರೆ ಆರಂಭವೆಂದರೆ ಬದುಕಿಗೆ ಬೇಕಾದ ಕೆಲಸ. ಅದೇ ಎಡೆಮಟ್ಟೆಯನ್ನು ಹಂಡೆಯ ಒಲೆಗೆ ಹಾಕಿ ಸ್ನಾನದ ನೀರು ಕಾಯಿಸಿದರೆ ಅದು ಆರಂಭ. ಅಲ್ಲಿ ಹಿಂಸೆ ಇದೆ, ಅದಕ್ಕೊಂದು ಅರ್ಥವೂ ಇದೆ. ಮೂಲೆಯಲ್ಲಿ ರಾಶಿ ಹಾಕಿ ಸುಟ್ಟರೆ ನೀರು ಕಾಯುವುದಿಲ್ಲ, ಅನ್ನ ಬೇಯುವುದಿಲ್ಲ. ಕಣ್ಣೆದುರಿನ ರಾಶಿ ಇಲ್ಲವಾಗುತ್ತದೆ, ಅಷ್ಟೇ. ಅರ್ಥವಿಲ್ಲದ ದಂಡವೇ ಅನರ್ಥದಂಡ. ಬೂದಿ ಮರಕ್ಕೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುವುದುಂಟು. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು ನಿಜ. ಆದರೆ ಗರಿಯ ಸಾರಜನಕವೂ ಮಣ್ಣಿಗೆ ಸೇರಬೇಕಾಗಿದ್ದ ಸಾವಯವ ಅಂಶವೂ ಹೊಗೆಯಾಗಿ ಹೋಗಿರುತ್ತವೆ. ಗೊಬ್ಬರದ ಬಹುಭಾಗವನ್ನು ಆಕಾಶಕ್ಕೆ ಕಳುಹಿಸಿ ಉಳಿದ ಚಿಟಿಕೆಯನ್ನು ಲಾಭವೆಂದು ಬರೆದುಕೊಳ್ಳುವ ಖಾತೆಯನ್ನು ಯಾವ ಮಂಡಿಯೂ ಒಪ್ಪಲಾರದು.

ಇಲ್ಲಿ ಒಂದು ವಿನಾಯಿತಿಯನ್ನು ಹೇಳಲೇಬೇಕು. ಅಣಬೆ ರೋಗ ತಗುಲಿ ಸತ್ತ ಮರದ ಬೊಡ್ಡೆಯನ್ನೂ ಬೇರನ್ನೂ ತೆಗೆದು ಸುಡಬೇಕೆಂದು, ಕಪ್ಪುತಲೆ ಹುಳು ಹೆಚ್ಚಾಗಿ ಬಾಧಿಸಿದ ಗರಿಗಳನ್ನು ಕಡಿದು ಸುಡಬೇಕೆಂದು ತೋಟಗಾರಿಕೆಯವರು ಸಲಹೆ ಕೊಡುವುದುಂಟು. ನೂರು ಮರ ಉಳಿಸಲು ಒಂದನ್ನು ಸುಡುವುದಕ್ಕೆ ಪ್ರಯೋಜನವಿದೆ; ಅದು ನೋವಿನಿಂದ ಮಾಡುವ ಆರಂಭ. ಆರೋಗ್ಯವಂತ ಮರದ ಒಣಗರಿಗೆ ಈ ಸಮರ್ಥನೆಯನ್ನು ಎರವಲು ಪಡೆಯಲಾಗದು.

ಶ್ರಾವಕರಿಗೆ ನಿಷಿದ್ಧವಾದ ವೃತ್ತಿಗಳ ಪಟ್ಟಿಯೂ ಇಲ್ಲಿ ವಿಚಾರಾರ್ಹ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ 15 ಖರಕರ್ಮಗಳ ಪಟ್ಟಿಯನ್ನು ಉಲ್ಲೇಖಿಸುತ್ತಾನೆ. ಅದರಲ್ಲಿ ಬೆಂಕಿಯಿಂದ ನಡೆಯುವ ಜೀವನೋಪಾಯವೂ ಇದೆ, ದವಪ್ರದಾನವೂ ಇದೆ. ದವಪ್ರದಾನವನ್ನು ‘ಕಾಡಿಗೆ ಬೆಂಕಿ ಹಚ್ಚುವುದು’ ಎಂದು ಅರ್ಥೈಸಿ ಮುಂದೆ ಹೋಗುವುದು ವಾಡಿಕೆ. ಕಾಡಿಲ್ಲದ ಊರಿನ ಓದುಗನು ನೆಮ್ಮದಿಯಿಂದ ಪುಟ ಮಗುಚುತ್ತಾನೆ. ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಇದೇ ದವದಾನವನ್ನು ಎರಡು ಬಗೆಯೆಂದಿದ್ದಾರೆ: ಚಟದಿಂದ ಹಚ್ಚುವುದು ಒಂದು, ಪುಣ್ಯವೆಂಬ ಬುದ್ಧಿಯಿಂದ ಹಚ್ಚುವುದು ಇನ್ನೊಂದು. ಈ ಎರಡನೆಯದನ್ನು ಗುರುತಿಸಿದ ದೃಷ್ಟಿ ಬಹಳ ತೀಕ್ಷ್ಣವಾದುದು. ರಥೋತ್ಸವಕ್ಕೆ ಮುನ್ನ, ಪರ್ಯುಷಣಕ್ಕೆ ಮುನ್ನ ಬಸದಿಯ ಆವರಣವನ್ನು ಚೊಕ್ಕಟಗೊಳಿಸಿ, ಗುಡಿಸಿದ್ದೆಲ್ಲವನ್ನೂ ಗೋಡೆಯ ಹಿಂದೆ ಸುಡುವ ಧರ್ಮಕರ್ತರ ಮನಸ್ಸಿನಲ್ಲಿರುವುದು ಪುಣ್ಯಬುದ್ಧಿಯೇ. ದಶಲಕ್ಷಣದ ಹತ್ತು ದಿನ ಹಸಿರು ತರಕಾರಿಯನ್ನು ಬಿಡುವ ಸಮಾಜವು ಆ ಹತ್ತು ದಿನಕ್ಕೆ ಅಂಗಳ ಸಿದ್ಧಪಡಿಸುವಾಗ ಲೆಕ್ಕವಿಲ್ಲದ ತ್ರಸಜೀವಗಳನ್ನು ಬೆಂಕಿಗೆ ಕೊಡುವುದಾದರೆ, ಹೇಮಚಂದ್ರರ ಮಾತು ಕಾಡನ್ನು ದಾಟಿ ಅಂಗಳಕ್ಕೂ ಬಂದಿದೆ ಎನ್ನಬೇಕು.

ಆಶಾಧರನು ಪಟ್ಟಿಯನ್ನು ಕೊಟ್ಟ ಮೇಲೆ ಹೇಳುವ ಮಾತು ಇನ್ನೂ ಮುಖ್ಯವಾದುದು. ಲೋಕದಲ್ಲಿ ಸಾವದ್ಯಕರ್ಮಗಳು ಎಣಿಕೆಗೆ ಸಿಗುವಂಥವಲ್ಲ. ಆದುದರಿಂದ ಹದಿನೈದೆಂದು ಎಣಿಸುವುದು ಸೊಗಸಲ್ಲ. ತೀರ ಮಂದಬುದ್ಧಿಯವರಿಗಾಗಿ ಬೇಕಾದರೆ ಹೇಳಬಹುದು ಎಂಬುದು ಅವನ ಅಭಿಪ್ರಾಯ. ಪಟ್ಟಿಯಲ್ಲಿ ಇಲ್ಲದ್ದು ಪಾಪವಲ್ಲವೆಂದು ತಿಳಿಯುವ ಓದುಗನಿಗೆ ಇದಕ್ಕಿಂತ ನೇರವಾದ ಎಚ್ಚರಿಕೆ ಬೇಕಾಗಿಲ್ಲ. ಚಿಪ್ಪಿನಿಂದ ಇದ್ದಿಲು ಸುಡುವ ಕಸುಬು ಈ ಸೀಮೆಯಲ್ಲಿ ಇರುವುದರಿಂದ, ಚಿಪ್ಪು ಮಾರುವ ವರ್ತಕನಿಗೂ ಈ ಮಾತು ತಾಗುತ್ತದೆ. ತಾನು ಸುಡುತ್ತಿಲ್ಲ, ಮಾರುತ್ತಿದ್ದೇನೆ ಎಂಬ ಸಮಾಧಾನವನ್ನು ಪಟ್ಟಿ ಕೊಟ್ಟೀತು, ಆಶಾಧರ ಕೊಡುವುದಿಲ್ಲ. ಮಾರಿದ ಚಿಪ್ಪು ತೆರೆದ ಗುಂಡಿಯಲ್ಲಿ ಹೊಗೆಯಾಗುತ್ತದೆಯೋ, ಹೊಗೆಗೆ ವ್ಯವಸ್ಥೆಯಿರುವ ಘಟಕಕ್ಕೆ ಹೋಗುತ್ತದೆಯೋ ಎಂದು ವಿಚಾರಿಸುವುದು ವ್ರತಿಯಾದ ವರ್ತಕನು ತೆರಬೇಕಾದ ಕನಿಷ್ಠ ಸುಂಕ.

ಸುಡಬಾರದೆಂದಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಸಮಿತಿಗಳ ಪ್ರಕರಣದಲ್ಲಿದೆ. ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ, ಉತ್ಸರ್ಗ ಎಂಬ ಐದು ಸಮಿತಿಗಳು ಮುನಿಗಳಿಗೆ ಹೇಳಿದವು, ಶ್ರಾವಕರಿಗೆ ಸಂಬಂಧಿಸಿದವಲ್ಲ ಎಂದು ಸಾಮಾನ್ಯವಾಗಿ ಬೋಧಿಸಲಾಗುತ್ತದೆ. ವಿಮರ್ಶೆಗೆ ಗುರಿಯಾಗಬೇಕಾದ ಮುಖ್ಯ ತಪ್ಪು ಇದೇ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದ ಕೊನೆಯ ಭಾಗದಲ್ಲಿ, ಜಿನಪ್ರವಚನದಲ್ಲಿ ಮುನೀಶ್ವರರಿಗೆ ಹೇಳಿದ ಆಚರಣೆಯನ್ನು ಗೃಹಸ್ಥನೂ ತನ್ನ ಪದವಿಯನ್ನೂ ಶಕ್ತಿಯನ್ನೂ ಚೆನ್ನಾಗಿ ನಿರೂಪಿಸಿಕೊಂಡು ಸೇವಿಸಬೇಕೆಂದು ಹೇಳಿ, ಅದರ ಬೆನ್ನಿಗೇ ಆವಶ್ಯಕ, ಗುಪ್ತಿ, ಸಮಿತಿಗಳನ್ನು ಎಣಿಸುತ್ತಾರೆ. ಶಕ್ತಿಗೆ ತಕ್ಕಂತೆ ಎಂಬುದು ರಿಯಾಯಿತಿ. ಅದನ್ನು ವಿಮುಕ್ತಿಯೆಂದು ಓದಲಾಗಿದೆ.

ಉತ್ಸರ್ಗ ಸಮಿತಿಗೆ ಪ್ರತಿಷ್ಠಾಪನಾ ಸಮಿತಿಯೆಂದೂ ಹೆಸರುಂಟು. ಬಿಡುವುದಕ್ಕೆ ‘ಪ್ರತಿಷ್ಠಾಪನೆ’ ಎಂಬ ಹೆಸರಿಟ್ಟಿರುವುದು ಗಮನಾರ್ಹ: ಬಿಸಾಡುವುದಲ್ಲ, ಇರಬೇಕಾದಲ್ಲಿ ಇರಿಸುವುದು. ವಟ್ಟಕೇರರ ಮೂಲಾಚಾರವು ಮುನಿಯ ಮಲಮೂತ್ರಾದಿಗಳ ವಿಸರ್ಜನೆಗೆ ತಕ್ಕ ಸ್ಥಳದ ಆರು ಲಕ್ಷಣಗಳನ್ನು ಹೇಳುತ್ತದೆ. ಅದು ಏಕಾಂತವಾಗಿರಬೇಕು, ಅಚಿತ್ತವಾಗಿರಬೇಕು, ದೂರವಿರಬೇಕು, ಮರೆಯಾಗಿರಬೇಕು, ವಿಶಾಲವಾಗಿರಬೇಕು, ಯಾರ ವಿರೋಧವೂ ಇಲ್ಲದಂತಿರಬೇಕು. ಮನೆಯ ಕಸಕ್ಕೆ ಈ ಆರನ್ನೂ ಅಕ್ಷರಶಃ ಹೊಂದಿಸಬೇಕಾಗಿಲ್ಲ. ಆದರೆ ಕೊನೆಯ ಲಕ್ಷಣವಾದ ಅವಿರೋಧವೊಂದನ್ನೇ ಹಿಡಿದು ನೋಡಿದರೂ ಸಾಕು. ಕೆರೆ ಏರಿಯ ಮೇಲೆ ಸುರಿದ ಗರಿಗೆ ಕೆರೆಯ ನೀರು ಬಳಸುವವರ ವಿರೋಧವುಂಟು. ಹಿತ್ತಲಿನ ಹೊಗೆಗೆ ಪಕ್ಕದ ಮನೆಯ ಉಬ್ಬಸದ ಮುದುಕರ ವಿರೋಧವುಂಟು. ಅವರು ಬಾಯಿಬಿಟ್ಟು ಹೇಳದಿರುವುದು ದಾಕ್ಷಿಣ್ಯ, ಸಮ್ಮತಿಯಲ್ಲ. ಹಸಿಕಸ ಒಣಕಸ ಬೆರಸಿ ಕಸದ ಗಾಡಿಗೆ ಸುರಿದರೆ, ಅದು ಊರಾಚೆಯ ಯಾವುದೋ ಹಳ್ಳಿಯ ಪಕ್ಕ ಗುಡ್ಡವಾಗಿ ನಿಲ್ಲುತ್ತದೆ. ಆ ಹಳ್ಳಿಯವರ ವಿರೋಧವುಂಟು. ಕಣ್ಣಿಗೆ ದೂರವಾದ ಮಾತ್ರಕ್ಕೆ ಸ್ಥಳ ಅವಿರೋಧವಾಗದು.

ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಹೇಳುವ ಮಾತನ್ನು ಇಲ್ಲಿ ಮರೆಯಬಾರದು. ಜೀವ ಸಾಯಲಿ ಬದುಕಲಿ, ಅಯತ್ನಾಚಾರಿಗೆ ಹಿಂಸೆ ನಿಶ್ಚಿತ. ಸಮಿತಿಯುಳ್ಳವನಿಗೆ ಕೇವಲ ದ್ರವ್ಯಹಿಂಸೆಯಿಂದ ಬಂಧವಿಲ್ಲ ಎಂಬುದು ಅದರ ತಾತ್ಪರ್ಯ. ಸುಡುವುದನ್ನು ಬಿಟ್ಟವನು ತಾನು ಗೆದ್ದೆನೆಂದು ತಿಳಿಯಬಾರದೆಂಬುದಕ್ಕೂ ಇದೇ ಮಾತು ಆಧಾರ. ಏಕೆಂದರೆ ಸುಡದೆ ಬಿಟ್ಟ ರಾಶಿಯೂ ನಿರ್ದೋಷವಲ್ಲ. ಆಳವಾಗಿ, ತೇವವಾಗಿ, ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ತಿಪ್ಪೆಯೂ ಕೊಳೆತ ತೆಂಗಿನ ಬೊಡ್ಡೆಯೂ ಸುಳಿ ಕೊರೆಯುವ ರೈನೋಸರಸ್ ದುಂಬಿಯ ತವರು. ದುಂಬಿ ಹೆಚ್ಚಿದರೆ ಮರದ ಸುಳಿಗೆ ಹಾನಿ. ಆಗ ದುಂಬಿಯನ್ನು ಕೊಕ್ಕೆಯಿಂದ ಎಳೆದು ಕೊಲ್ಲಬೇಕಾಗುತ್ತದೆ, ಗುಂಡಿಗೆ ಔಷಧಿ ಹಾಕಬೇಕಾಗುತ್ತದೆ. ಜೀವೋತ್ಪತ್ತಿಗೆ ತಾನೇ ಎಡೆಮಾಡಿಕೊಟ್ಟು ಬಳಿಕ ಕೊಲ್ಲುವ ಪರಿಸ್ಥಿತಿಗೆ ಬರಬಾರದೆಂಬುದು ಹಳಸಿದ ಅನ್ನದ ವಿಷಯದಲ್ಲಿ ಪ್ರತಿ ಜೈನ ಗೃಹಿಣಿಗೂ ತಿಳಿದ ನೀತಿ. ತಿಪ್ಪೆಯ ವಿಷಯದಲ್ಲಿಯೂ ಅದೇ ನೀತಿ ಸಲ್ಲುತ್ತದೆ.

ದಾರಿಗಳು ಇಲ್ಲದೆ ಇಲ್ಲ. ಗರಿಯನ್ನು ತುಂಡರಿಸಿ ಮರದ ಪಾತಿಯಲ್ಲಿ ತೆಳುವಾಗಿ ಹರಡಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ನಿಧಾನವಾಗಿ ಮಣ್ಣಾಗುತ್ತದೆ. ಮಟ್ಟೆಯನ್ನು ಮರದ ಸುತ್ತಲಿನ ಅಥವಾ ಸಾಲುಗಳ ನಡುವಿನ ಕಂದಕದಲ್ಲಿ, ಒಳಮೈ ಮೇಲಾಗಿ ಸಾಲುಸಾಲಾಗಿ ಜೋಡಿಸಿ ಮುಚ್ಚುವುದು ತೆಂಗಿನ ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಕ್ರಮ. ಮಟ್ಟೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಪ್ರಯೋಜನ ಐದಾರು ವರ್ಷ ಸಿಗುತ್ತದೆ. ಮಳೆ ಕಡಿಮೆಯಾದ ಈ ಮೂರು ತಾಲ್ಲೂಕುಗಳಿಗೆ ಇದರ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗಿನ ಗರಿಯನ್ನೇ ತಿಂದು ಗೊಬ್ಬರ ಮಾಡುವ ಎರೆಹುಳುವಿನ ವಿಧಾನವನ್ನು ರೂಪಿಸಿದೆ. ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ವಿಧಾನವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ.

ಎರೆಗೊಬ್ಬರದ ವಿಷಯದಲ್ಲಿ ಕೆಲವು ಶ್ರದ್ಧಾಳುಗಳಿಗೆ ಸಂಕೋಚವಿದೆ. ಜೀವಿಗಳನ್ನು ಸಾಕಿ ದುಡಿಸುವುದು ಸರಿಯೇ ಎಂಬ ಅವರ ಅಳುಕನ್ನು ಹಗುರವಾಗಿ ಕಾಣಬಾರದು. ಗೊಬ್ಬರವನ್ನು ಬಿಸಿಲಿಗೆ ಹರಡಿ ಹುಳುಗಳನ್ನು ಬೇಯಿಸುವವರಿದ್ದರೆ ಅಳುಕು ನ್ಯಾಯವೇ ಸರಿ. ನೀರು ಹಾಕುವುದನ್ನು ಕೆಲವು ದಿನ ನಿಲ್ಲಿಸಿದರೆ ಹುಳುಗಳು ತಾವಾಗಿ ತಳಕ್ಕೆ ಇಳಿಯುತ್ತವೆ; ಮೇಲಿನ ಪದರವನ್ನು ಮೆಲ್ಲನೆ ತೆಗೆದುಕೊಳ್ಳಬಹುದು. ಅಷ್ಟಾದರೂ ಮನಸ್ಸು ಒಪ್ಪದವರಿಗೆ ಪಾತಿಯ ಹೊದಿಕೆಯೇ ಸಾಕು. ಅಲ್ಲಿ ಹುಳುಗಳು ಸಾಕಿದವಲ್ಲ, ತಮ್ಮ ಮನೆಯಲ್ಲಿ ತಾವಿರುತ್ತವೆ.

ಇನ್ನು ಗಾಡಿಗೆ ಕೊಡುವ ಕಸ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಬೇಕೆಂದೂ, ತೋಟದ ಕಸವನ್ನು ತಮ್ಮ ಆವರಣದಲ್ಲಿಯೇ ಪ್ರತ್ಯೇಕವಾಗಿಟ್ಟು ಸ್ಥಳೀಯ ಸಂಸ್ಥೆಯ ನಿರ್ದೇಶನದಂತೆ ವಿಲೇವಾರಿ ಮಾಡಬೇಕೆಂದೂ ವಿಧಿಸಿದವು. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಕ್ಕೆ ಮೂರು ದಿನ ಮುಂಚಿತವಾಗಿ ತಿಳಿಸಿ, ಅದರ ಕಸವನ್ನು ವಿಂಗಡಿಸಿ ಕೊಡುವ ಹೊಣೆಯನ್ನು ಸಂಘಟಕರ ಮೇಲೆ ಹೊರಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಬಯಲಿನಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ರಾಜ್ಯದ ದಂಡಕ್ಕೆ ಹೆದರಿ ಬಿಡುವುದು ವ್ರತವಲ್ಲ. ಆದರೆ ಶತಮಾನಗಳ ಹಿಂದೆ ಆಚಾರ್ಯರು ‘ದಂಡ’ವೆಂದೇ ಹೆಸರಿಸಿದ್ದನ್ನು ಶ್ರಾವಕರು ಬಿಡುವುದಕ್ಕೆ ಮೊದಲು ನ್ಯಾಯಾಧಿಕರಣ ಹೇಳಬೇಕಾಗಿ ಬಂದುದು ಸಮಾಜಕ್ಕೆ ಶೋಭೆಯ ವಿಷಯವಲ್ಲ.

ಗಾಡಿಯ ಬಳಿ ಸಲ್ಲುವುದು ನಾಲ್ಕನೆಯ ಸಮಿತಿ. ವಸ್ತುವನ್ನು ನೋಡಿ, ಎಚ್ಚರದಿಂದ ಎತ್ತಿ, ಎಚ್ಚರದಿಂದ ಇರಿಸುವುದು ಆದಾನನಿಕ್ಷೇಪಣ. ತಿಪಟೂರಿನ ನಗರಸಭೆಯ ಪೌರಕಾರ್ಮಿಕರಾಗಲಿ, ಪಂಚಾಯಿತಿಗಳ ಸ್ವಚ್ಛ ವಾಹಿನಿಯೊಡನೆ ಬರುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಾಗಲಿ ಕಸವನ್ನು ಕೈಯಿಂದಲೇ ಬೇರ್ಪಡಿಸಬೇಕಾಗಿ ಬರುತ್ತದೆ. ತರಗಿನ ಚೀಲದೊಳಗೆ ಒಡೆದ ಗಾಜು, ಬ್ಲೇಡು, ಇಂಜೆಕ್ಷನ್ ಸೂಜಿ ಸೇರಿಸಿ ಕೊಟ್ಟವನ ಅಹಿಂಸಾಣುವ್ರತವು ಆ ಕೈಯಲ್ಲಿ ರಕ್ತವಾಗಿ ಸುರಿಯುತ್ತದೆ. ಇರುವೆಗೆ ತೋರಿದ ದಯೆ ಎದುರಿಗೆ ನಿಂತ ಪಂಚೇಂದ್ರಿಯ ಮನುಷ್ಯನಿಗೆ ಇಲ್ಲವಾದರೆ ವ್ರತದ ಕ್ರಮವೇ ತಲೆಕೆಳಗಾಯಿತು.

ವರ್ತಕ ಸಮಾಜವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಕಹಿ ಪ್ರಶ್ನೆಯೊಂದಿದೆ. ಚಿಪ್ಪನ್ನು ಮಳೆಗೆ ನೆನೆಯದಂತೆ ಜೋಪಾನ ಮಾಡುತ್ತಾರೆ. ಹಳೆಯ ಪತ್ರಿಕೆಯನ್ನು ಕಟ್ಟಿಡುತ್ತಾರೆ. ಕಬ್ಬಿಣದ ತುಂಡನ್ನು ಗುಜರಿಯವನಿಗೆ ತೂಕ ಹಾಕಿಕೊಡುತ್ತಾರೆ. ಬೆಲೆಯುಳ್ಳದ್ದಕ್ಕೆ ಎಷ್ಟು ಎಚ್ಚರ! ಬೆಲೆಯಿಲ್ಲದ ಗರಿಗೆ, ಒಡೆದ ಗಾಜಿಗೆ, ಹರಿದ ಪ್ಲಾಸ್ಟಿಕ್ಕಿಗೆ ಬೆಂಕಿ ಇಲ್ಲವೇ ಬೀದಿ. ಹಾಗಾದರೆ ಮೊದಲಿನ ಎಚ್ಚರವು ಸಮಿತಿಯಾಗಿರಲಿಲ್ಲ, ಲೋಭವಾಗಿತ್ತು. ಬೆಲೆಯಿಲ್ಲದ ವಸ್ತುವನ್ನು ಬಿಡುವ ರೀತಿಯಲ್ಲಿಯೇ ಶ್ರಾವಕನ ಸಮಿತಿ ಪರೀಕ್ಷೆಗೆ ಬರುತ್ತದೆ.

ಈ ಪರೀಕ್ಷೆಯನ್ನು ಮೊದಲು ಎದುರಿಸಬೇಕಾದವು ಬಸದಿಗಳ ಟ್ರಸ್ಟುಗಳು. ಬಸದಿಯ ಆವರಣದಲ್ಲಿ ಯಾವ ಕಾರಣಕ್ಕೂ ತರಗಿಗೆ ಬೆಂಕಿ ಹಚ್ಚುವುದಿಲ್ಲವೆಂದು ಒಂದು ನಿರ್ಣಯ ಬರೆಯಲು ಹಣ ಬೇಕಾಗಿಲ್ಲ. ಬಸದಿಯ ತೋಟದ ಗರಿ ಅದೇ ತೋಟದ ಪಾತಿಗೆ ಸೇರಲಿ. ಸಂತರ್ಪಣೆಯಲ್ಲಿ ಒಣ ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಬಳಕೆಯಾಗಲಿ; 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೆ ಒಳಗಾದ ಪ್ಲಾಸ್ಟಿಕ್ ತಟ್ಟೆ ಲೋಟಗಳು ಧರ್ಮಶಾಲೆಯ ಉಗ್ರಾಣದಲ್ಲಿ ಉಳಿದಿದ್ದರೆ ಅವಕ್ಕೂ ತಕ್ಕ ಪ್ರತಿಷ್ಠಾಪನೆ ಆಗಲಿ. ವಾರ್ಷಿಕ ವರದಿಯಲ್ಲಿ ಜಮಾ ಖರ್ಚಿನ ಜೊತೆಗೆ ಆವರಣದಿಂದ ಏನೇನು ಹೊರಹೋಯಿತು, ಎಲ್ಲಿಗೆ ಹೋಯಿತು ಎಂಬ ಒಂದು ಪುಟವಿರಲಿ.

ಇದೆಲ್ಲ ಹೊಸ ಕಾಲದ ಹೊಸ ಹೊರೆಯೆಂದು ಯಾರೂ ತಿಳಿಯಬೇಕಾಗಿಲ್ಲ. ನೀರು ಗಾಳಿಸುವ ವಿಧಿಯ ಕೊನೆಯ ಹೆಜ್ಜೆಯನ್ನು ನೆನೆಯಬೇಕು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಚರಂಡಿಗೆ ಝಾಡಿಸುವಂತಿಲ್ಲ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ತೊಳೆದು, ನೀರು ತಂದ ಅದೇ ಬಾವಿಗೆ ಮೆಲ್ಲನೆ ಬಿಡಬೇಕು. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೂ ಬಿಡಬಾರದು. ಕುಡಿಯುವ ನೀರಿನಲ್ಲಿ ಇಷ್ಟನ್ನು ಪಾಲಿಸಿದ ಅಜ್ಜಿಯರಿಗೆ, ಮರದ ಗರಿ ಅದೇ ಮರದ ಬುಡಕ್ಕೆ ಸೇರಬೇಕೆಂಬ ಮಾತನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ವಿವರಿಸಬೇಕಾಗಿ ಬಂದಿರುವುದು ಅವರ ಮೊಮ್ಮಕ್ಕಳಿಗೆ.